ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಕಮಲೇಶ್ವರ್

1994ರ ಸುಮಾರಿಗೆ ಮನೆಯಲ್ಲಿ ಟಿವಿ ಇದ್ದವರಿಗೆಲ್ಲ 'ಚಂದ್ರಕಾಂತಾ' ಧಾರಾವಾಹಿ ನೆನಪಿರಬೇಕು. ಭಾನುವಾರ ದೂರದರ್ಶನದಲ್ಲಿ ಅದು ಬರುವ ಹೊತ್ತಿಗೆ ಟಿವಿ ಇರುವ ಮನೆಯ ಚಾವಡಿಯಲ್ಲಿ ಅಕ್ಕಪಕ್ಕದ ಮಕ್ಕಳೆಲ್ಲ ಸೇರುತ್ತಿದ್ದ ಕಾಲ ಅದು. ಕ್ರೂರ್ ಸಿಂಗನ ದಪ್ಪ ಹುಬ್ಬು ಇವತ್ತಿಗೂ ಜನರ ಬಾಯಲ್ಲಿ ಉಂಟು. ಆದರೆ ಅದರ ಚಿತ್ರಕಥೆ ಬರೆದವರು ಯಾರು ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿಲ್ಲ. ದೇವಕಿನಂದನ ಖತ್ರಿಯ ಹಳೇ ಕಾದಂಬರಿಯನ್ನು ಟಿವಿಗೆ ಒಗ್ಗಿಸಿದವರು ಹಿಂದಿಯ ದೊಡ್ಡ ಲೇಖಕ ಕಮಲೇಶ್ವರ್. ಅವರ ಹೆಸರು ಉಳಿಯಬೇಕಾದದ್ದು ಮಾತ್ರ ಆ ಧಾರಾವಾಹಿಯಿಂದ ಅಲ್ಲ. ಎದುರಿಗೆ ಒಬ್ಬ ಮನುಷ್ಯನನ್ನು ಕೂರಿಸಿ ಪ್ರಶ್ನೆ ಕೇಳುವುದು ಹೇಗೆ ಅನ್ನುವುದನ್ನು ಅವರು ಟಿವಿಯಲ್ಲಿ ಮಾಡಿ ತೋರಿಸಿದರು. ಆಮೇಲೆ ಅದೇ ಕೆಲಸವನ್ನು ಒಂದು ಕಾದಂಬರಿಯಲ್ಲಿ, ಚರಿತ್ರೆಯ ದೊಡ್ಡ ದೊಡ್ಡ ಹೆಸರುಗಳನ್ನೇ ಸಾಲಾಗಿ ಕರೆಸಿ ಮಾಡಿದರು. ಆ ಕಾದಂಬರಿಯ ಹೆಸರು 'ಕಿತ್ನೇ ಪಾಕಿಸ್ತಾನ್', ಅಂದರೆ ಎಷ್ಟು ಪಾಕಿಸ್ತಾನಗಳು.

ಹುಟ್ಟಿದ್ದು 1932ರ ಜನವರಿ 6ರಂದು, ಉತ್ತರ ಪ್ರದೇಶದ ಮೈನ್‌ಪುರಿಯಲ್ಲಿ. ಪೂರ್ತಿ ಹೆಸರು ಕಮಲೇಶ್ವರ್ ಪ್ರಸಾದ್ ಸಕ್ಸೇನಾ. ಮೈನ್‌ಪುರಿ ಅಂದರೆ ಹಳ್ಳಿಯೂ ಅಲ್ಲ, ಪಟ್ಟಣವೂ ಅಲ್ಲ. ಆ ಕಡೆಯವರು ಕಸಬಾ ಅನ್ನುತ್ತಾರೆ. ನಮ್ಮಲ್ಲಿ ಪೇಟೆ ಅನ್ನುತ್ತೇವಲ್ಲ, ಹಾಗೆ. ಒಂದು ಮುಖ್ಯ ರಸ್ತೆ, ಅದರಿಂದ ಒಡೆದು ಹೋಗುವ ಹತ್ತಾರು ಗಲ್ಲಿ, ಎಲ್ಲರಿಗೂ ಎಲ್ಲರ ಮನೆಯ ವಿಷಯ ಗೊತ್ತು. ಅವರ ಮೊದಲ ಕಾದಂಬರಿಯ ಹೆಸರಲ್ಲೇ ಒಂದು ರಸ್ತೆ, ಐವತ್ತೇಳು ಗಲ್ಲಿ ಬರುತ್ತದೆ. ಆ ಪೇಟೆಯ ಜನ ಅವರ ಬರಹವನ್ನು ಕೊನೆಯವರೆಗೂ ಬಿಡಲಿಲ್ಲ.

ಓದಲು ಅಲಹಾಬಾದಿಗೆ ಹೋದರು. 1954ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದಿಂದ ಹಿಂದಿ ಎಂ.ಎ. ಆಯಿತು. ಆಗಿನ ಅಲಹಾಬಾದ್ ಅಂದರೆ ಹಿಂದಿ, ಉರ್ದು ಎರಡೂ ಸಾಹಿತ್ಯದ ತವರು. ಅಲ್ಲಿ ಕವಿ ದುಷ್ಯಂತ್ ಕುಮಾರ್, ಕಥೆಗಾರ ಮಾರ್ಕಂಡೇಯ ಇವರಿಬ್ಬರ ಸ್ನೇಹವಾಯಿತು. ಮೂವರದೂ ಒಂದು ತಂಡವೇ ಆಗಿತ್ತು. ಹೊಟ್ಟೆಪಾಡಿಗೆ ಪ್ರೂಫ್ ತಿದ್ದುವ ಕೆಲಸದಿಂದ ಶುರು. ಮೊದಲ ಕಥೆ ಅಚ್ಚಾದದ್ದು 1948ರಲ್ಲೇ, ಹದಿನಾರರ ಹುಡುಗನಾಗಿದ್ದಾಗ.

ಹೆಸರು ತಂದದ್ದು 'ರಾಜಾ ನಿರ್‌ಬಂಸಿಯಾ' ಅನ್ನುವ ಕಥೆ. ಅದರಲ್ಲಿ ಎರಡು ಕಥೆ ಒಟ್ಟಿಗೆ ನಡೆಯುತ್ತದೆ. ಒಂದು, ಅಮ್ಮ ಮಕ್ಕಳಿಗೆ ಹೇಳುವ, ಮಕ್ಕಳಿಲ್ಲದ ರಾಜನ ಹಳೇ ಕಥೆ. ಇನ್ನೊಂದು, ಅದೇ ಪೇಟೆಯ ಬಡ ಗಂಡಹೆಂಡಿರದ್ದು. ರಾಜನ ಕಥೆಯಲ್ಲಿ ಎಲ್ಲವೂ ಸುಖವಾಗಿ ಮುಗಿಯುತ್ತದೆ, ಬಡವನದ್ದರಲ್ಲಿ ಮುಗಿಯುವುದಿಲ್ಲ. ಮೋಹನ್ ರಾಕೇಶ್, ರಾಜೇಂದ್ರ ಯಾದವ್, ಕಮಲೇಶ್ವರ್ ಮೂವರು ಸೇರಿ ಹಿಂದಿಯಲ್ಲಿ ಹೊಸ ಕಥೆಯ ಚಳವಳಿ ನಡೆಸಿದರು. ಆ ಚಳವಳಿಯ ಜಗಳಗಳೆಲ್ಲ ಈಗ ಪಂಡಿತರಿಗೆ ಬಿಟ್ಟ ವಿಷಯ. ಕಥೆಗಳು ಮಾತ್ರ ಉಳಿದಿವೆ. ಸಿಬಿಎಸ್‌ಇ ಶಾಲೆಯಲ್ಲಿ ಹಿಂದಿ ಓದಿದ ನಿಮ್ಮ ಮಕ್ಕಳನ್ನು ಕೇಳಿ ನೋಡಿ, 'ಜಾರ್ಜ್ ಪಂಚಮ್ ಕೀ ನಾಕ್' ಎಂಬ ಪಾಠ ನೆನಪಿದೆಯಾ ಅಂತ. ಹತ್ತನೇ ತರಗತಿಯ ಪುಸ್ತಕದಲ್ಲಿ ಹಲವು ವರ್ಷ ಇತ್ತು. ಇಂಗ್ಲೆಂಡಿನ ರಾಣಿ ದಿಲ್ಲಿಗೆ ಬರುವವಳಿದ್ದಾಳೆ, ಆದರೆ ಅಲ್ಲಿನ ಐದನೇ ಜಾರ್ಜ್ ರಾಜನ ಪ್ರತಿಮೆಯ ಮೂಗು ಕಾಣೆ! ಅಧಿಕಾರಿಗಳಿಗೆ ನಿದ್ದೆಯಿಲ್ಲ. ಶಿಲ್ಪಿ ದೇಶವೆಲ್ಲ ಸುತ್ತಿ ಕಲ್ಲು ಹುಡುಕುತ್ತಾನೆ, ನಮ್ಮ ದೇಶದ ನಾಯಕರ ಪ್ರತಿಮೆಗಳ ಮೂಗನ್ನೂ ಅಳೆಯುತ್ತಾನೆ, ಯಾವುದೂ ಹೊಂದುವುದಿಲ್ಲ. ಕೊನೆಗೆ ಒಬ್ಬ ಬದುಕಿರುವವನ ಮೂಗು ಕತ್ತರಿಸಿ ಅಂಟಿಸುತ್ತಾರೆ. ನಗು ಬರುತ್ತದೆ, ಆಮೇಲೆ ನಾಚಿಕೆಯಾಗುತ್ತದೆ. ದೊಡ್ಡವರ ಎದುರು ಬಗ್ಗಿ ನಿಲ್ಲುವ ಸ್ವಭಾವವನ್ನು ಅಷ್ಟು ಚಿಕ್ಕ ಕಥೆಯಲ್ಲಿ ಅಷ್ಟು ಚೆನ್ನಾಗಿ ಯಾರೂ ಹಿಡಿದಿಲ್ಲ ಅಂತ ನನಗನಿಸುತ್ತದೆ.

1959ರಲ್ಲಿ ದಿಲ್ಲಿಯಲ್ಲಿ ಟಿವಿ ಶುರುವಾಯಿತು. ಆಗ ಅದೊಂದು ಪ್ರಯೋಗ, ನೋಡುವವರು ಬೆರಳೆಣಿಕೆ. ಆ ಮೊದಲ ವರ್ಷಗಳಲ್ಲೇ ಕಮಲೇಶ್ವರ್ ಅಲ್ಲಿ ಸ್ಕ್ರಿಪ್ಟ್ ಬರೆಯುವ ಕೆಲಸ ಮಾಡಿದರು. ಕಣ್ಣಿಗೆ ಕಾಣುವ ವಿಷಯಕ್ಕೆ ಎಷ್ಟು ಮಾತು ಬೇಕು, ಎಲ್ಲಿ ಸುಮ್ಮನಿರಬೇಕು ಅನ್ನುವ ಲೆಕ್ಕ ಅವರಿಗೆ ಸಿಕ್ಕಿದ್ದು ಅಲ್ಲೇ ಇರಬೇಕು. ಆಮೇಲೆ 'ನಯೀ ಕಹಾನಿಯಾಂ' ಪತ್ರಿಕೆಯ ಸಂಪಾದಕರಾದರು. 1967ರಲ್ಲಿ ಬೊಂಬಾಯಿಯಲ್ಲಿ ಟೈಮ್ಸ್ ಸಂಸ್ಥೆಯ 'ಸಾರಿಕಾ' ಕಥಾಪತ್ರಿಕೆ ಅವರ ಕೈಗೆ ಬಂತು.

'ಸಾರಿಕಾ'ದ ಆ ಹನ್ನೊಂದು ವರ್ಷ ಅವರ ಬದುಕಿನ ಒಳ್ಳೇ ಕಾಲ. ಕಥಾಪತ್ರಿಕೆ ಅಂದರೆ ಮಧ್ಯಾಹ್ನ ಊಟ ಆದ ಮೇಲೆ ಓದಿ ಮಲಗಲಿಕ್ಕೆ ಅಂತ ಇದ್ದದ್ದನ್ನು ಅವರು ಬದಲಾಯಿಸಿದರು. ಸಾಮಾನ್ಯ ಮನುಷ್ಯನ ಜೊತೆಜೊತೆಯಲ್ಲೇ ಕಥೆ ನಡೆಯಬೇಕು ಅನ್ನುವ 'ಸಮಾಂತರ್' ಚಳವಳಿ ಕಟ್ಟಿದರು. ಮರಾಠಿಯ ದಲಿತ ಲೇಖಕರು ಹಿಂದಿ ಓದುಗರ ಮನೆಗೆ ಬಂದದ್ದು ಮುಖ್ಯವಾಗಿ 'ಸಾರಿಕಾ'ದ ಮೂಲಕ. ಬೋಹ್ರಾ ಮುಸ್ಲಿಂ ಸಮುದಾಯದ ಲೇಖಕರನ್ನೂ ಅವರು ಮುಂದೆ ತಂದರು. ಒಂದು ಸಣ್ಣ ಸಮುದಾಯದ ಒಳಗಿನ ಸುಖದುಃಖ ಹೊರಗಿನವರಿಗೆ ಗೊತ್ತೇ ಇರುವುದಿಲ್ಲ, ಅದನ್ನು ಒಳಗಿನವನೇ ಬರೆಯಬೇಕು, ಬರೆದರೆ ಅಚ್ಚು ಹಾಕುವವನೊಬ್ಬ ಬೇಕು. ಬ್ಯಾರಿ ಭಾಷೆಯಲ್ಲಿ ಬರೆಯುವವರಿಗೆ ಇದು ಹೊಸದಾಗಿ ಹೇಳಬೇಕಾದ ವಿಷಯ ಅಲ್ಲ. ಬೇರೆ ಬೇರೆ ಭಾಷೆಯ ಲೇಖಕರಿಂದ ತಮ್ಮ ಕಷ್ಟದ ದಿನಗಳ ಬಗ್ಗೆ ಬರೆಸಿದ 'ಗರ್ದಿಶ್ ಕೇ ದಿನ್' ಅನ್ನುವ ಸರಣಿ ಬಹಳ ಹೆಸರಾಯಿತು. ಗೆಳೆಯ ದುಷ್ಯಂತ್ ಕುಮಾರರ ಗಜಲುಗಳೂ ಅಲ್ಲಿ ಬಂದವು. ಆ ದುಷ್ಯಂತ್ 1975ರ ಕೊನೆಯಲ್ಲಿ, ಚಿಕ್ಕ ಪ್ರಾಯದಲ್ಲೇ ತೀರಿಹೋದರು.

ಅದೇ ವರ್ಷ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಸೆನ್ಸಾರಿನವರಿಗೆ ತೋರಿಸಬೇಕು. ಜುಲೈ ಸಂಚಿಕೆಯಲ್ಲಿ ಅವರು ಬೇಡ ಅಂದ ಸಾಲುಗಳನ್ನು ಕಮಲೇಶ್ವರ್ ತೆಗೆದು, ಜಾಗ ಮುಚ್ಚಿ, ಏನೂ ಆಗಿಲ್ಲ ಎಂಬ ಹಾಗೆ ಮಾಡಲಿಲ್ಲ. ಆ ಸಾಲುಗಳ ಮೇಲೆ ಕಪ್ಪು ಶಾಯಿ ಹಾಕಿ, ಹಾಗೇ ಅಚ್ಚು ಹಾಕಿದರು. ಓದುಗನ ಕೈಗೆ ಹೋದ ಪುಟದಲ್ಲಿ ಎಲ್ಲೆಲ್ಲಿ ಕಪ್ಪು ಪಟ್ಟಿ ಇತ್ತೋ ಅಲ್ಲೆಲ್ಲ ಸರ್ಕಾರದ ಕೈ ಕಾಣುತ್ತಿತ್ತು. ಏನು ಬರೆದಿತ್ತು ಅಂತ ಗೊತ್ತಾಗದಿದ್ದರೂ, ಯಾರೋ ಬಾಯಿ ಮುಚ್ಚಿಸಿದ್ದಾರೆ ಅಂತ ಗೊತ್ತಾಗುತ್ತಿತ್ತು.

ಆ ವರ್ಷವೇ ಅವರ ಕಥೆಯ ಮೇಲೆ ಗುಲ್ಜಾರ್ ಮಾಡಿದ 'ಆಂಧಿ' ಸಿನಿಮಾ ತೊಂದರೆಗೆ ಸಿಕ್ಕಿತು. ಅದರ ನಾಯಕಿ ಒಬ್ಬಳು ರಾಜಕಾರಣಿ. ಸುಚಿತ್ರಾ ಸೇನ್ ಉಟ್ಟ ಸೀರೆ, ತಲೆಯಲ್ಲಿ ಒಂದು ಬಿಳಿ ಎಳೆ, ನಡಿಗೆ ಎಲ್ಲ ನೋಡಿ ಜನ ಇಂದಿರಾ ಗಾಂಧಿಯವರನ್ನೇ ನೆನೆದುಕೊಂಡರು. ತುರ್ತು ಪರಿಸ್ಥಿತಿಯಲ್ಲಿ ಸಿನಿಮಾವನ್ನು ನಿಲ್ಲಿಸಿದರು. 1977ರಲ್ಲಿ ಸರ್ಕಾರ ಬದಲಾದ ಮೇಲೆಯೇ ಅದಕ್ಕೆ ಬಿಡುಗಡೆ. ಅವರದೇ ಕಾದಂಬರಿ ಆಧರಿಸಿದ 'ಮೌಸಮ್' ಕೂಡ ಆ ಹೊತ್ತಿನದೇ. 'ಪತಿ ಪತ್ನಿ ಔರ್ ವೋ' ಚಿತ್ರಕಥೆಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. 'ಮಿಸ್ಟರ್ ನಟವರ್‌ಲಾಲ್', 'ದಿ ಬರ್ನಿಂಗ್ ಟ್ರೈನ್' ಇವಕ್ಕೂ ಬರೆದರು. ದೊಡ್ಡ ಸಾಹಿತಿ ಹೀಗೆ ಮಸಾಲೆ ಸಿನಿಮಾಕ್ಕೆ ಬರೆಯುವುದಾ ಅಂತ ಹಿಂದಿಯ ಹಿರಿಯರು ಮೂಗು ಮುರಿದರು. ಅದರಲ್ಲಿ ಹುರುಳಿಲ್ಲ ಅಂತ ಹೇಳಲಾರೆ, ಎಲ್ಲವೂ ಅವರ ಮಟ್ಟದ್ದಲ್ಲ. ಆದರೆ ಸಂಸಾರ ಸಾಗಬೇಕು, ಕಥೆ ಬರೆದು ಅಕ್ಕಿ ತರುವಷ್ಟು ಹಣ ಯಾವ ಭಾಷೆಯಲ್ಲೂ ಸಿಗುವುದಿಲ್ಲ.

ಇನ್ನು ಟಿವಿಯ ವಿಷಯ. ಬೊಂಬಾಯಿಯಲ್ಲಿ ದೂರದರ್ಶನ ಬಂದದ್ದು 1972ರ ಅಕ್ಟೋಬರ್ 2ರಂದು. ಅಲ್ಲಿ ಕಮಲೇಶ್ವರ್ 'ಪರಿಕ್ರಮಾ' ಎಂಬ ಕಾರ್ಯಕ್ರಮ ನಡೆಸಿದರು. ಹೆಸರಿನ ಅರ್ಥ ಸುತ್ತು ಬರುವುದು. ಸರ್ಕಾರದ ಟಿವಿ ಅಂದರೆ ಮಂತ್ರಿ ರಿಬ್ಬನ್ ಕತ್ತರಿಸುವುದು, ಅಧಿಕಾರಿ ಭಾಷಣ ಓದುವುದು ಅಂತ ಇದ್ದ ಕಾಲದಲ್ಲಿ ಅವರು ಸಾಮಾನ್ಯ ಜನರನ್ನು, ಅದರಲ್ಲೂ ಯಾರೂ ಮಾತಾಡಿಸದವರನ್ನು ಕ್ಯಾಮೆರಾದ ಎದುರು ಕರೆತಂದರು. ಕೇಳುವವರು ಹೆಸರಾಂತ ಲೇಖಕ, ಹೇಳುವವನು ಕೂಲಿಯಾದರೂ ಮರ್ಯಾದೆಯಲ್ಲಿ ಹೆಚ್ಚುಕಮ್ಮಿ ಇರಲಿಲ್ಲ. ಅವರ ಭಾಷೆ ಗ್ರಾಂಥಿಕ ಹಿಂದಿ ಅಲ್ಲ. ಹಿಂದಿ, ಉರ್ದು ಬೆರೆತ ಮನೆಮಾತು, ಬೊಂಬಾಯಿಯ ಯಾವ ಚಾಳಿನವನಿಗೂ ಅರ್ಥವಾಗುವಂಥದ್ದು. ಆಗ ನಮ್ಮ ಕರಾವಳಿಗೆ ಟಿವಿ ಬರಲು ಇನ್ನೂ ವರ್ಷಗಳು ಬೇಕಿದ್ದವು. ಬೊಂಬಾಯಿಯ ಹೋಟೆಲು, ಅಂಗಡಿಗಳಲ್ಲಿ ದುಡಿಯುತ್ತಿದ್ದ ನಮ್ಮೂರಿನವರು ಮಾತ್ರ ಅದನ್ನು ನೋಡಿರಬಹುದು.

ಒಬ್ಬ ಬಡವನನ್ನು ಸಂದರ್ಶನ ಮಾಡುವುದು ಮಂತ್ರಿಯನ್ನು ಮಾಡುವುದಕ್ಕಿಂತ ಕಷ್ಟ. ಮಂತ್ರಿಗೆ ಉತ್ತರ ಮೊದಲೇ ತಯಾರಿರುತ್ತದೆ. ಬಡವನಿಗೆ ಕ್ಯಾಮೆರಾ ಕಂಡರೆ ಹೆದರಿಕೆ, ಎದುರಿಗೆ ಕೂತವರು ಏನು ಕೇಳಬೇಕೆಂದಿದ್ದಾರೋ ಅದನ್ನೇ ಹೇಳಿಬಿಡುತ್ತಾನೆ. ಅವನ ಬಾಯಲ್ಲಿ ಅವನದೇ ಮಾತು ಬರಬೇಕಾದರೆ ಕೇಳುವವನಿಗೆ ತಾಳ್ಮೆ ಬೇಕು. ಪೇಟೆಯ ಗಲ್ಲಿಗಳಲ್ಲಿ ಬೆಳೆದ, ಅಲ್ಲಿನವರ ಬಗ್ಗೆಯೇ ಕಥೆ ಬರೆದ ಕಮಲೇಶ್ವರರಿಗೆ ಅದು ಒದಗಿತು. ಈಗಿನ ಟಿವಿಯಲ್ಲಿ ಎಂಟು ಜನರನ್ನು ಎಂಟು ಕಿಟಕಿಯಲ್ಲಿ ಕೂರಿಸಿ, ಗಡ್ಡ ಬಿಟ್ಟ ಒಬ್ಬರನ್ನು ಒಂದು ಮೂಲೆಯಲ್ಲಿಟ್ಟು, ಅವರು ಬಾಯಿ ತೆರೆಯುವ ಮುಂಚೆಯೇ ಕಿರುಚುವುದನ್ನು ನೋಡಿ ನೋಡಿ ಸಾಕಾದವರಿಗೆ ಸಂದರ್ಶನ ಅಂದರೆ ಇದೇ ಅನ್ನಿಸಿರಬಹುದು. ಅಲ್ಲ ಮಾರಾಯ್ರೆ, ಬೇರೆ ರೀತಿಯೂ ಇತ್ತು.

1978ರಲ್ಲಿ 'ಸಾರಿಕಾ' ಬಿಟ್ಟರು. 1980ರಲ್ಲಿ ದೂರದರ್ಶನದ ಹೆಚ್ಚುವರಿ ಮಹಾನಿರ್ದೇಶಕರಾದರು. ಆಗ ಅಧಿಕಾರಕ್ಕೆ ಮರಳಿ ಬಂದಿದ್ದದ್ದು ಅದೇ ಇಂದಿರಾ ಗಾಂಧಿ! ಕಪ್ಪು ಶಾಯಿ ಬಳಿದು ಪತ್ರಿಕೆ ತಂದವರು, 'ಆಂಧಿ'ಯ ಕಥೆಗಾರ, ಈಗ ಅದೇ ಸರ್ಕಾರದ ಟಿವಿಯ ದೊಡ್ಡ ಕುರ್ಚಿಯಲ್ಲಿ. ಮಾತಾಡಿಕೊಂಡವರು ಬಹಳ. ಪ್ರಶ್ನೆ ಕೇಳುವವನು ಅಧಿಕಾರದ ಒಳಗೆ ಹೋಗಬಾರದಿತ್ತು ಅಂತಲೇ ನನಗೂ ಅನಿಸುತ್ತದೆ. ಹೋದವರು ಅಲ್ಲೇ ಉಳಿಯಲಿಲ್ಲ ಅನ್ನುವುದೂ ನಿಜ, 1982ರಲ್ಲಿ ಹೊರಗೆ ಬಂದರು. ಆ ವರ್ಷವೇ ಆಗಸ್ಟ್ 15ರಂದು ದೇಶಕ್ಕೆಲ್ಲ ಒಂದೇ ಟಿವಿ ಕಾರ್ಯಕ್ರಮ ಶುರುವಾಯಿತು, ನವೆಂಬರಿನಲ್ಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ಮನೆಮನೆಗೆ ಕಲರ್ ಟಿವಿಯ ಆಸೆ ಹುಟ್ಟಿತು. ಆಮೇಲಿನ ವರ್ಷಗಳಲ್ಲಿ ಅವರು 'ಗಂಗಾ' ಪತ್ರಿಕೆ, 'ದೈನಿಕ್ ಜಾಗರಣ್', 'ದೈನಿಕ್ ಭಾಸ್ಕರ್' ದಿನಪತ್ರಿಕೆಗಳ ಸಂಪಾದಕತ್ವ ಅಂತ ಓಡಾಡಿದರು. ಟಿವಿಗೆ ಬೇರೆ ಬೇರೆ ಭಾರತೀಯ ಭಾಷೆಗಳ ಕಥೆಗಳ 'ದರ್ಪಣ್' ಧಾರಾವಾಹಿ ಬರೆದರು, 'ಚಂದ್ರಕಾಂತಾ' ಬರೆದರು.

ಈ ಎಲ್ಲದರ ಒಳಗೆ ಒಂದು ಪ್ರಶ್ನೆ ಅವರನ್ನು ಮೊದಲಿನಿಂದಲೂ ಕಾಡುತ್ತಿತ್ತು. ದೇಶ ಒಡೆದಾಗ ಅವರಿಗೆ ಹದಿನೈದು ವರ್ಷ. ಮೈನ್‌ಪುರಿ ಪಂಜಾಬಿನ ಹಾಗೆ ಗಡಿಯಲ್ಲಿಲ್ಲ. ಆದರೂ ಅಂಥ ಪೇಟೆಗಳಲ್ಲಿ ವರ್ಷಗಟ್ಟಲೆ ಒಟ್ಟಿಗಿದ್ದ ಜನ ಒಂದು ದಿನ ಇದ್ದಕ್ಕಿದ್ದ ಹಾಗೆ ಎರಡು ಕಡೆಯವರಾದರು. 1961ರಲ್ಲಿ ಬಂದ 'ಲೌಟೇ ಹುಏ ಮುಸಾಫಿರ್', ಅಂದರೆ ಮರಳಿ ಬಂದ ಪ್ರಯಾಣಿಕರು, ಅದರ ಬಗ್ಗೆಯೇ. ಒಂದು ಪೇಟೆಯ ಅಂಚಿನಲ್ಲಿ ಬಡವರ ಕೇರಿ, ಹೆಚ್ಚಿನವರು ಮುಸ್ಲಿಮರು. ಹೊರಗಿನಿಂದ ಬಂದವರು ಎರಡೂ ಕಡೆ ಕಿವಿ ಊದುತ್ತಾರೆ. ಪಾಕಿಸ್ತಾನ ಆದರೆ ಎಲ್ಲ ಕಷ್ಟ ಹೋಗುತ್ತದೆ ಅಂತ ಬಡವರೂ ನಂಬುತ್ತಾರೆ. ಪಾಕಿಸ್ತಾನ ಆಗಿಯೂ ಹೋಗುತ್ತದೆ. ದುಡ್ಡಿದ್ದವರು ಹೊರಡುತ್ತಾರೆ. ದುಡ್ಡಿಲ್ಲದವರು ಊರು ಬಿಟ್ಟರೂ ಅಲ್ಲಿಗೆ ಮುಟ್ಟುವುದಿಲ್ಲ, ದಾರಿಯ ಊರುಗಳಲ್ಲೇ ಚದುರಿಹೋಗುತ್ತಾರೆ. ಕೇರಿ ಖಾಲಿ. ನಸೀಬನ್ ಎಂಬ ಹೆಂಗಸು ಮಾತ್ರ ಅಲ್ಲೇ ಉಳಿಯುತ್ತಾಳೆ. ವರ್ಷಗಳು ಕಳೆದ ಮೇಲೆ ಕೂಲಿ ಕೆಲಸಕ್ಕೆ ಅಂತ ಕೆಲವು ಹುಡುಗರು ಆ ಊರಿಗೆ ಬರುತ್ತಾರೆ, ತಮ್ಮ ಅಪ್ಪಂದಿರ ಮನೆ ಎಲ್ಲಿತ್ತು ಅಂತ ಹುಡುಕುತ್ತಾರೆ. ತೋರಿಸಿಕೊಡಲು ಇರುವವಳು ಆ ನಸೀಬನ್ ಒಬ್ಬಳೇ.

ಬಂಟ್ವಾಳದಲ್ಲೋ ಉಳ್ಳಾಲದಲ್ಲೋ ಕೂತು ಇದನ್ನು ಓದುವಾಗ ಒಂದು ವಿಷಯ ತಟ್ಟುತ್ತದೆ. ಉಳಿದವರು ಯಾಕೆ ಉಳಿದರು ಎಂಬ ಪ್ರಶ್ನೆಯನ್ನು ಮುಸ್ಲಿಮರಿಗೆ ಆಗಾಗ ಕೇಳುತ್ತಾರೆ, ಅದರಲ್ಲಿ ಸಂಶಯದ ಧ್ವನಿ ಇರುತ್ತದೆ. ಕಮಲೇಶ್ವರ್ ಅದನ್ನು ಮುಸ್ಲಿಮನಿಗೆ ಕೇಳಲೇ ಇಲ್ಲ. ಹೋಗು ಅಂತ ಆಸೆ ಹುಟ್ಟಿಸಿದವರು ಯಾರು, ಹೋಗು ಅಂತ ಹೆದರಿಸಿದವರು ಯಾರು, ಲಾಭ ಯಾರಿಗಾಯಿತು ಅಂತ ಅವರನ್ನೇ ಹಿಡಿದು ಕೇಳಿದರು.

ನಲವತ್ತು ವರ್ಷದ ಆಮೇಲೆ ಅದೇ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಮಾಡಿದ್ದು 'ಕಿತ್ನೇ ಪಾಕಿಸ್ತಾನ್'. 1990ರಲ್ಲಿ ಬರೆಯಲು ಕೂತರು, ಪುಸ್ತಕ ಬಂದದ್ದು 2000ದಲ್ಲಿ. ನಡುವಿನ ಆ ಹತ್ತು ವರ್ಷಗಳಲ್ಲಿ ಈ ದೇಶದಲ್ಲಿ ಏನೇನು ನಡೆಯಿತು ಅಂತ ಪ್ರಾಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಕಾದಂಬರಿಯಲ್ಲಿ ನಾಯಕನಿಗೆ ಹೆಸರೇ ಇಲ್ಲ, ಅದೀಬ್ ಅಂತ ಮಾತ್ರ, ಅಂದರೆ ಸಾಹಿತಿ. ಅವನೊಂದು ನ್ಯಾಯಾಲಯ ನಡೆಸುತ್ತಾನೆ. ಕೂಗಿ ಕರೆಯಲು ಒಬ್ಬ ಜವಾನ. ಸತ್ತವರೇ ಬಂದು ನ್ಯಾಯ ಕೇಳುತ್ತಾರೆ. ಕಟಕಟೆಗೆ ಬಾಬರ್ ಬರುತ್ತಾನೆ, ಔರಂಗಜೇಬ್ ಬರುತ್ತಾನೆ, ಅವನ ಅಣ್ಣ ದಾರಾ ಶಿಕೋಹ್‌ನ ವಿಷಯ ಬರುತ್ತದೆ, ಮೌಂಟ್‌ಬ್ಯಾಟನ್ ಬರುತ್ತಾನೆ. ಅಯೋಧ್ಯೆಯ ತಕರಾರೂ ಅಲ್ಲಿ ವಿಚಾರಣೆಗೆ ಬರುತ್ತದೆ. ಸಾವಿಗೆ ಮದ್ದು ಹುಡುಕಿ ಹೊರಟ ಇರಾಕಿನ ಪುರಾತನ ಕಥೆಯ ಗಿಲ್ಗಮೇಶನೂ ನಡುನಡುವೆ ಕಾಣಿಸುತ್ತಾನೆ. ಒಂದು ಮನೆ ಒಡೆದು ಎರಡು ಮಾಡಿದರೆ ಅಲ್ಲಿಗೆ ನಿಲ್ಲುವುದಿಲ್ಲ, ಒಡೆಯುವ ಚಟ ಹತ್ತುತ್ತದೆ, ಪ್ರತಿ ಊರಲ್ಲೂ ಪ್ರತಿ ಮನಸ್ಸಲ್ಲೂ ಒಂದೊಂದು ಪಾಕಿಸ್ತಾನ ಹುಟ್ಟಿಕೊಳ್ಳುತ್ತದೆ ಎಂಬುದು ಅದರ ಸಂಕಟ. ಪಾಕಿಸ್ತಾನ ಅನ್ನುವ ಹೆಸರನ್ನು ಒಂದು ಜನಾಂಗದ ಮೇಲೆ ಎಸೆಯುವ ಕಲ್ಲಿನ ಹಾಗೆ ಬಳಸುವ ಕಾಲದಲ್ಲಿ, ಆ ಹೆಸರನ್ನು ಅವರು ಒಡಕು ಎಂಬ ರೋಗಕ್ಕೇ ಇಟ್ಟರು.

ಇದು ಕಾದಂಬರಿಯೇ ಅಲ್ಲ, ಬರೀ ವಾದವಿವಾದ ಅಂದ ವಿಮರ್ಶಕರಿದ್ದಾರೆ. ನಿಜ ಹೇಳಬೇಕೆಂದರೆ ಓದುವಾಗ ಅಲ್ಲಲ್ಲಿ ಆಯಾಸವಾಗುತ್ತದೆ. ಶತಮಾನದಿಂದ ಶತಮಾನಕ್ಕೆ ಹಾರುತ್ತಾರೆ, ಮನುಷ್ಯರು ಮರೆಯಾಗಿ ಚರಿತ್ರೆಯ ಪಾಠ ಮುಂದೆ ಬರುತ್ತದೆ. ಆದರೆ 'ಪರಿಕ್ರಮಾ' ನಡೆಸಿದವರು ಇವರೇ ಅಂತ ನೆನಪಿಟ್ಟುಕೊಂಡು ಓದಿದರೆ ರೂಪ ಸ್ಪಷ್ಟವಾಗುತ್ತದೆ. ಇದು ಒಬ್ಬ ಸಂದರ್ಶಕ ಬರೆದ ಕಾದಂಬರಿ. ಬಾಬರನ ಹೆಸರಲ್ಲಿ ಬೇರೆಯವರು ಜಗಳ ಮಾಡುವುದನ್ನು ನಿಲ್ಲಿಸಿ, ಅವನನ್ನೇ ಕರೆದು ನೀನು ಮಾಡಿದ್ದೇನು ಅಂತ ಕೇಳುವುದು, ಅವನಿಗೂ ಉತ್ತರ ಹೇಳಲು ಬಿಡುವುದು. ಟಿವಿಯಲ್ಲಿ ಮಾತಿಲ್ಲದವರಿಗೆ ಮಾತು ಕೊಟ್ಟವರು, ಇಲ್ಲಿ ಮಾತಿನಿಂದಲೇ ಆಳಿದವರನ್ನು ಉತ್ತರ ಕೊಡುವ ಜಾಗದಲ್ಲಿ ನಿಲ್ಲಿಸಿದರು. ಓದುಗರು ಅದನ್ನು ಕೈಬಿಡಲಿಲ್ಲ, ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. 2003ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 2005ರಲ್ಲಿ ಪದ್ಮಭೂಷಣ. ಅಮೀನಾ ಕಾಜಿ ಅನ್ಸಾರಿ ಅದನ್ನು ಇಂಗ್ಲಿಷಿಗೆ ತಂದರು.

2007ರ ಜನವರಿಯಲ್ಲಿ ಎಪ್ಪತ್ತೈದು ತುಂಬಿತು. ಅದಾಗಿ ಮೂರು ವಾರಕ್ಕೆ, ಜನವರಿ 27ರಂದು, ದಿಲ್ಲಿಯ ಪಕ್ಕದ ಫರೀದಾಬಾದಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಅವರನ್ನು ಓದಬೇಕು ಅನ್ನುವವರು ದಪ್ಪ ಪುಸ್ತಕದಿಂದ ಶುರು ಮಾಡುವುದು ಬೇಡ. ಮೊದಲು 'ಜಾರ್ಜ್ ಪಂಚಮ್ ಕೀ ನಾಕ್' ಓದಿ, ಮನೆಯಲ್ಲಿ ಮಕ್ಕಳ ಹಳೇ ಪಠ್ಯಪುಸ್ತಕ ಇದ್ದರೆ ಅದರಲ್ಲೇ ಸಿಗುತ್ತದೆ. ಆಮೇಲೆ 'ಲೌಟೇ ಹುಏ ಮುಸಾಫಿರ್'. ಚಿಕ್ಕ ಕಾದಂಬರಿ, ಸರಳ ಹಿಂದಿ, ನಮ್ಮ ಉರ್ದು ಬಲ್ಲ ಹಿರಿಯರಿಗೆ ಯಾರಾದರೂ ಓದಿ ಹೇಳಿದರೂ ಪೂರ್ತಿ ಅರ್ಥವಾಗುತ್ತದೆ.